ಮುಟ್ಟಿನ ದಿನಗಳಲ್ಲಿ ಯೋಗ: ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಯೋಗ ಚಿಕಿತ್ಸೆಗೆಂದು ನನ್ನ ಬಳಿ ಬರುವ ಮಹಿಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಮೇಡಂ, ಮುಟ್ಟಾದಾಗ ಯೋಗ ಮಾಡಬಹುದಾ?" ಅಭ್ಯಾಸ ಒಂದು ದಿನವೂ ತಪ್ಪಬಾರದೆಂದು ಹಲ್ಲು ಕಚ್ಚಿಕೊಂಡು ಸೂರ್ಯನಮಸ್ಕಾರ ಮುಂದುವರಿಸುವವರೂ ಇದನ್ನು ಕೇಳುತ್ತಾರೆ, ಆ ಐದು ದಿನ ಚಾಪೆ ಬಿಡಿಸಲೇಬಾರದೆಂದು ತಿಳಿದವರೂ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಈ ದಿನಗಳಲ್ಲಿ ಆಸನವಿರುವುದು ದೇಹಕ್ಕೆ ಚೆನ್ನಾಗಿ ವಿಶ್ರಾಂತಿ ಕೊಡುವುದಕ್ಕಾಗಿ. ಸುಮ್ಮನೆ ಮಲಗಿದರೇ ಆ ವಿಶ್ರಾಂತಿ ಸಿಗುವುದಾದರೆ ಮಲಗಿಕೊಳ್ಳಿ, ಅದರಿಂದ ಏನೂ ನಷ್ಟವಿಲ್ಲ. ಮಲಗಿದರೂ ಹೊಟ್ಟೆ ಸೆಳೆಯುತ್ತಿದೆ, ಸೊಂಟ ಹಿಡಿದುಕೊಂಡಿದೆ, ಯಾವ ಮಗ್ಗುಲಿಗೆ ತಿರುಗಿದರೂ ಸಮಾಧಾನವಿಲ್ಲ ಎನ್ನುವಾಗ ಆಸನಗಳು ನೆರವಿಗೆ ಬರುತ್ತವೆ.

ನೋವು ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿದರೆ ಏನು ಮಾಡಬೇಕೆಂಬುದೂ ಅರ್ಧದಷ್ಟು ತಿಳಿದಂತೆ. ಋತುಚಕ್ರದ ಕೊನೆಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಮಾಣ ಇಳಿದಾಗ ಗರ್ಭಕೋಶದ ಒಳಪದರವು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ, ಅಲ್ಲಿಗೆ ಹೋಗುವ ರಕ್ತನಾಳಗಳನ್ನು ಕಿರಿದಾಗಿಸುತ್ತವೆ, ಹೀಗೆ ಹಿಂಡಿದ ಸ್ನಾಯುವಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಾಲದೆ ಹೋದಾಗ ಕಿಬ್ಬೊಟ್ಟೆಯ ಸೆಳೆತ ಶುರುವಾಗುತ್ತದೆ. ಗರ್ಭಕೋಶದ ನರಗಳು ಬೆನ್ನುಹುರಿಯನ್ನು ಸೇರುವ ಭಾಗಕ್ಕೇ ಸೊಂಟದ ಮತ್ತು ತೊಡೆಯ ಮೇಲ್ಭಾಗದ ನರಗಳೂ ಬಂದು ಸೇರುವುದರಿಂದ ನೋವು ಅಲ್ಲಿಗೂ ಹರಡಿದಂತೆ ಭಾಸವಾಗುತ್ತದೆ. ಇದೇ ರಾಸಾಯನಿಕಗಳು ಕರುಳನ್ನೂ ಕೆರಳಿಸುವ ಕಾರಣ ಕೆಲವರಿಗೆ ಭೇದಿ, ಓಕರಿಕೆ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಇವುಗಳ ಪ್ರಭಾವ ಮೊದಲ 48 ಗಂಟೆಗಳಲ್ಲಿ ಹೆಚ್ಚು. ಆದ್ದರಿಂದ ಒಂದನೆಯ ದಿನಕ್ಕೂ ನಾಲ್ಕನೆಯ ದಿನಕ್ಕೂ ಒಂದೇ ಅಭ್ಯಾಸಕ್ರಮವನ್ನು ಹೇಳಿಕೊಡುವುದು ನನಗೆ ಸರಿಕಾಣುವುದಿಲ್ಲ.

ನೋವು ಬಂದಾಗ ಉಸಿರು ಬಿಗಿಹಿಡಿಯುವುದು, ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು, ತೊಡೆಗಳನ್ನು ಒತ್ತಿಹಿಡಿಯುವುದು ಎಲ್ಲರಿಗೂ ಸಹಜ. ಗರ್ಭಕೋಶದ ಬಿಗಿತಕ್ಕೆ ಸುತ್ತಲಿನ ಸ್ನಾಯುಗಳ ಬಿಗಿತವೂ ಸೇರಿಕೊಂಡರೆ ನೋವು ಇನ್ನಷ್ಟು ಏರುತ್ತದೆ. ಮೊದಲನೆಯದನ್ನು ಆಸನದಿಂದ ತಕ್ಷಣ ಸಡಿಲಿಸಲಾಗದು. ಎರಡನೆಯದನ್ನು ಸಡಿಲಿಸಬಹುದು.

ಮೊದಲ ದಿನಕ್ಕೆ ನಾನು ಹೆಚ್ಚಾಗಿ ಹೇಳುವುದು ಆಧಾರ ಕೊಟ್ಟು ಮಾಡುವ ಸುಪ್ತ ಬದ್ಧಕೋಣಾಸನ. ಉದ್ದನೆಯ ಗಟ್ಟಿ ದಿಂಬೊಂದನ್ನು ಬೆನ್ನಿನ ಹಿಂದೆ ಉದ್ದಕ್ಕೆ ಇಟ್ಟು, ಅದರ ಅಂಚು ಸೊಂಟದ ಬುಡಕ್ಕೆ ತಾಗುವಂತೆ ಕುಳಿತು, ನಿಧಾನವಾಗಿ ಒರಗಬೇಕು. ಎದೆ ಹೊಟ್ಟೆಗಿಂತ ಎತ್ತರದಲ್ಲಿ, ತಲೆ ಎದೆಗಿಂತ ಎತ್ತರದಲ್ಲಿ ಇರಲೆಂದು ತಲೆಯ ಕೆಳಗೆ ಮಡಿಸಿದ ಕಂಬಳಿ ಬೇಕು. ಅಂಗಾಲುಗಳನ್ನು ಜೋಡಿಸಿ ಮಂಡಿಗಳನ್ನು ಅಕ್ಕಪಕ್ಕಕ್ಕೆ ಬಿಟ್ಟಾಗ ಅವು ಗಾಳಿಯಲ್ಲಿ ತೂಗಾಡುವಂತಿರಬಾರದು, ಎರಡೂ ತೊಡೆಗಳ ಕೆಳಗೆ ಸುರುಳಿ ಸುತ್ತಿದ ಕಂಬಳಿಯನ್ನೋ ದಿಂಬನ್ನೋ ತುರುಕಬೇಕು. ಬಹುಪಾಲು ಜನ ತಪ್ಪುವುದು ಇಲ್ಲಿಯೇ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಈ ಆಸನದಲ್ಲಿ ತನಗೆ ನೋವು ಹೆಚ್ಚುತ್ತದೆ ಎಂದಾಗ ಪಕ್ಕದಲ್ಲಿ ಕುಳಿತು ನೋಡಿದೆ: ಮಂಡಿ ನೆಲಕ್ಕೆ ತಾಗಲೇಬೇಕೆಂದು ತೊಡೆಸಂದಿಯನ್ನು ಒತ್ತುತ್ತಿದ್ದಳು, ದವಡೆ ಬಿಗಿದಿತ್ತು, ಉಸಿರು ಕುತ್ತಿಗೆಯ ಹತ್ತಿರವೇ ನಿಂತಿತ್ತು. ತೊಡೆಗಳ ಕೆಳಗೆ ಒಂದೊಂದು ದಿಂಬು ಸರಿಸಿಟ್ಟ ಮೇಲೆ ಮೊದಲು ಅವಳ ಬೆರಳುಗಳು ಬಿಚ್ಚಿಕೊಂಡವು, ಆಮೇಲೆ ಕಿಬ್ಬೊಟ್ಟೆ ಮೆಲ್ಲಗೆ ಏರಿಳಿಯತೊಡಗಿತು. ಕಿಬ್ಬೊಟ್ಟೆಯ ಆ ಏರಿಳಿತ ಕಂಡರೆ ಆಸನ ಸರಿಯಾಗಿದೆ ಎಂದೇ ನಾನು ತಿಳಿಯುತ್ತೇನೆ. ಹಾಗೆಯೇ ಎಂಟು ಹತ್ತು ನಿಮಿಷ ಇರಬಹುದು. ಹೊಟ್ಟೆಯ ಮೇಲೆ ಹದವಾದ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಶಾಖವು ಮುಟ್ಟಿನ ನೋವನ್ನು ನಿಜವಾಗಿಯೂ ಇಳಿಸುತ್ತದೆ.

ಸೊಂಟನೋವೇ ಮುಖ್ಯವಾಗಿರುವವರಿಗೆ ಮಂಡಿಗಳನ್ನು ಅಗಲಿಸಿ, ಎದೆಯನ್ನೂ ಒಂದು ಕೆನ್ನೆಯನ್ನೂ ದಿಂಬಿನ ಮೇಲೆ ಒರಗಿಸುವ ಬಾಲಾಸನ ಹೆಚ್ಚು ಹಿತವೆನಿಸುತ್ತದೆ. ಅಂಗೈ, ಮಂಡಿಗಳನ್ನು ನೆಲಕ್ಕೂರಿ ಉಸಿರಿನ ಜೊತೆ ಬೆನ್ನನ್ನು ಮೆಲ್ಲಗೆ ಏರಿಳಿಸುವ ಮಾರ್ಜಾಲಾಸನವನ್ನು ಆರೇಳು ಬಾರಿ ಮಾಡಿದರೂ ಸಾಕು. ಉಸಿರಾಟದಲ್ಲಿ, ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದನ್ನು ತುಸು ದೀರ್ಘವಾಗಿಸುವುದು ಮತ್ತು ದುಂಬಿಯಂತೆ ಝೇಂಕರಿಸುತ್ತ ಉಸಿರು ಬಿಡುವ ಭ್ರಾಮರಿ, ಇವೆರಡೇ ಸಾಕಾಗುತ್ತವೆ.

ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಹೊಟ್ಟೆಯನ್ನು ಒಳಗೆಳೆದು ಮಾಡುವ ಉಡ್ಡಿಯಾನ ಬಂಧ, ನೌಲಿ, ದೋಣಿಯಾಕಾರದಲ್ಲಿ ಕಾಲು, ಎದೆ ಎತ್ತಿ ಹಿಡಿಯುವ ನಾವಾಸನ, ಹೊಟ್ಟೆಯನ್ನು ಹಿಸುಕುವಂಥ ತಿರುವಿನ ಆಸನಗಳು, ಇವನ್ನು ರಕ್ತಸ್ರಾವ ಹೆಚ್ಚಿರುವ ದಿನಗಳಲ್ಲಿ ಬಿಡಲು ಹೇಳುತ್ತೇನೆ. ಸೆಳೆತದಲ್ಲಿರುವ ಹೊಟ್ಟೆಯ ಮೇಲೆ ಮತ್ತೆ ಒತ್ತಡ ಹೇರುವುದು ಬೇಡ ಎಂಬುದಷ್ಟೇ ಇದಕ್ಕೆ ಕಾರಣ.

ಶೀರ್ಷಾಸನ, ಸರ್ವಾಂಗಾಸನಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಟ್ಟಿನಲ್ಲಿ ಕೆಲಸ ಮಾಡುವುದು ಕೆಳಮುಖವಾಗಿ ಹರಿಯುವ ಅಪಾನವಾಯು, ತಲೆಕೆಳಗಾಗಿ ನಿಂತರೆ ಅದರ ಗತಿಗೆ ಅಡ್ಡಿಯಾಗುತ್ತದೆ ಎಂದು ಯೋಗ ಪರಂಪರೆ ಹೇಳುತ್ತದೆ. ಇದಕ್ಕೆ ಆಧುನಿಕ ಸಮರ್ಥನೆಯಾಗಿ ಹಲವರು, ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆಯಾದ ಎಂಡೋಮೆಟ್ರಿಯೋಸಿಸ್‌ನ ಭಯವನ್ನು ಮುಂದಿಡುತ್ತಾರೆ. ಮುಟ್ಟಿನ ರಕ್ತವು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿದು, ಅದರಲ್ಲಿನ ಒಳಪದರದ ಕಣಗಳು ಅಲ್ಲಿ ಬೇರೂರುವುದರಿಂದ ಈ ಕಾಯಿಲೆ ಬರುತ್ತದೆ ಎಂದು 1927ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ ವಾದಿಸಿದ್ದು ನಿಜ. ಆದರೆ ಇಂಥ ಹಿಮ್ಮುಖ ಹರಿವು ಎಂದೂ ಶೀರ್ಷಾಸನ ಮಾಡದ ಬಹುಪಾಲು ಮಹಿಳೆಯರಲ್ಲಿಯೂ ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದಿಲ್ಲ, ಮತ್ತು ಕೆಲವು ನಿಮಿಷ ತಲೆಕೆಳಗಾದದ್ದರಿಂದ ಅದು ಬಂತೆಂದು ಯಾವ ಅಧ್ಯಯನವೂ ಸಾಬೀತುಪಡಿಸಿಲ್ಲ. ಆದ್ದರಿಂದ ತಿಳಿಯದೆ ಒಮ್ಮೆ ಮಾಡಿಬಿಟ್ಟೆನೆಂದು ಗಾಬರಿಯಾಗಿ ಬರುವವರಿಗೆ ಧೈರ್ಯ ಹೇಳಿಯೇ ಕಳಿಸುತ್ತೇನೆ. ಆದರೂ ಆ ದಿನಗಳಲ್ಲಿ ನಾನು ಈ ಆಸನಗಳನ್ನು ಮಾಡಿಸುವುದಿಲ್ಲ: ಇವು ಬಲವನ್ನೂ ಏಕಾಗ್ರತೆಯನ್ನೂ ಬೇಡುವ ಆಸನಗಳು, ತಲೆಸುತ್ತು, ಸುಸ್ತು ಇರುವಾಗ ಕುತ್ತಿಗೆಯ ಮೇಲೆ ಭಾರ ಹಾಕುವುದು ಜಾಣತನವಲ್ಲ.

ನೋವಿನ ದಿನ ಮಾಡುವ ಆಸನದಿಂದ ಆ ಹೊತ್ತಿಗೆ ಸಮಾಧಾನ ಸಿಗುತ್ತದೆ. ತಿಂಗಳು ತಿಂಗಳು ಮರುಕಳಿಸುವ ನೋವು ತಗ್ಗಬೇಕಾದರೆ ಉಳಿದ ದಿನಗಳ ಅಭ್ಯಾಸ ಬೇಕು. ಮುಟ್ಟಿನ ನೋವು ಮತ್ತು ವ್ಯಾಯಾಮದ ಬಗೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ವೈದ್ಯಕೀಯ ಪುರಾವೆಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪರಾಮರ್ಶೆಯು, ವಾರಕ್ಕೆ ಮೂರು ಬಾರಿಯಾದರೂ 45ರಿಂದ 60 ನಿಮಿಷ ವ್ಯಾಯಾಮ ಮಾಡುವವರಲ್ಲಿ ನೋವು ಗಣನೀಯವಾಗಿ ಕಡಿಮೆಯಾಗಬಹುದೆಂದು ಹೇಳಿತು. ಪುರಾವೆಗಳ ಗುಣಮಟ್ಟ ಇನ್ನೂ ಗಟ್ಟಿಯಾಗಿಲ್ಲವೆಂದೂ ಅದೇ ಪರಾಮರ್ಶೆ ಒಪ್ಪಿಕೊಂಡಿದೆ. ಅದು ಪರಿಗಣಿಸಿದ ವ್ಯಾಯಾಮಗಳಲ್ಲಿ ಯೋಗವೂ ಇತ್ತು.

ಯೋಗದ ಹೆಸರಿನಲ್ಲಿ ನೋವನ್ನು ಸಹಿಸಿಕೊಂಡು ಕೂರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವೈದ್ಯರು ಹೇಳಿದ ನೋವಿನ ಮಾತ್ರೆ ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯನ್ನೇ ತಡೆಯುತ್ತದೆ, ಅದನ್ನು ತೆಗೆದುಕೊಂಡ ಮಾತ್ರಕ್ಕೆ ಅಭ್ಯಾಸಕ್ಕೆ ಕುಂದು ಬರುವುದಿಲ್ಲ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. ಸತತವಾಗಿ ಕೆಲವು ಗಂಟೆಗಳ ಕಾಲ ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ಏಳು ದಿನ ಮೀರಿಯೂ ಸ್ರಾವ ನಿಲ್ಲದಿದ್ದರೆ, ದೊಡ್ಡ ದೊಡ್ಡ ಹೆಪ್ಪುಗಳು ಹೋಗುತ್ತಿದ್ದರೆ, ಪ್ರತಿ ತಿಂಗಳೂ ಶಾಲೆ ಅಥವಾ ಕೆಲಸ ತಪ್ಪಿಸುವಷ್ಟು ನೋವಿದ್ದರೆ, ಇಲ್ಲವೇ ವರ್ಷಗಳಿಂದ ಇಲ್ಲದ ನೋವು ಹೊಸದಾಗಿ ಶುರುವಾಗಿದ್ದರೆ, ಮೊದಲು ಹೋಗಬೇಕಾದದ್ದು ಸ್ತ್ರೀರೋಗ ತಜ್ಞರ ಬಳಿಗೆ. ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಎಂಡೋಮೆಟ್ರಿಯೋಸಿಸ್ ಇದೆ, ಅದು ಪತ್ತೆಯಾಗುವಷ್ಟರಲ್ಲಿ ಹಲವರ ಬದುಕಿನಲ್ಲಿ ವರ್ಷಗಳೇ ಕಳೆದಿರುತ್ತವೆ. ಅತಿಸ್ರಾವವಿರುವವರು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಇಂಥ ತೊಂದರೆಗಳಿಲ್ಲದವರು ಮೂರನೆಯ ಅಥವಾ ನಾಲ್ಕನೆಯ ದಿನ ಸ್ರಾವ ಇಳಿಮುಖವಾದ ಮೇಲೆ ಗೋಡೆಯ ಆಸರೆಯಲ್ಲಿ ತ್ರಿಕೋನಾಸನ, ಅರ್ಧಚಂದ್ರಾಸನಗಳನ್ನು ಸೇರಿಸಿಕೊಳ್ಳಬಹುದು. ಸ್ರಾವ ಪೂರ್ತಿ ನಿಂತ ಮರುದಿನ ಎಂದಿನ ಅಭ್ಯಾಸವನ್ನು ಅರ್ಧದಷ್ಟು ಮಾಡಿ ನೋಡಿ, ಸುಸ್ತಾಗದಿದ್ದರೆ ಅದರ ಮರುದಿನ ಪೂರ್ತಿ ಮಾಡಿ.