ಪೇಪರ್ ಸುತ್ತಿದರೂ ತಟ್ಟೆ ಒಡೆಯುವುದೇಕೆ?

ಪ್ರಶ್ನೆ: ಮನೆ ಬದಲಾಯಿಸುವಾಗ ಪ್ರತಿ ಪಿಂಗಾಣಿ ತಟ್ಟೆಗೂ ಪೇಪರ್ ಸುತ್ತಿ, ಬಾಕ್ಸ್ ಮೇಲೆ ‘ಗಾಜು, ಜೋಪಾನ’ ಎಂದು ದೊಡ್ಡದಾಗಿ ಬರೆದಿದ್ದೆವು. ಆದರೂ ಬಿಚ್ಚಿ ನೋಡಿದರೆ ಕೆಲವು ಒಡೆದಿದ್ದವು. ಸುತ್ತಿದ ಪೇಪರ್ ಸಾಲಲಿಲ್ಲವೇ?

ಉತ್ತರ: ಪೇಪರ್ ಸಾಕಷ್ಟೇ ಇದ್ದಿರಬಹುದು. ನನಗೆ ಅನುಮಾನ ಇರುವುದು ಬಾಕ್ಸ್ ಒಳಗೆ ಉಳಿದ ಖಾಲಿ ಜಾಗದ ಮೇಲೆ. ಗಾಡಿ ಬ್ರೇಕ್ ಹಾಕಿದಾಗ ಬಾಕ್ಸ್ ನಿಲ್ಲುತ್ತದೆ, ಒಳಗಿನ ಸಾಮಾನು ನಿಲ್ಲುವುದಿಲ್ಲ. ಎರಡು ಬೆರಳಷ್ಟು ಜಾಗ ಸಿಕ್ಕರೂ ಸಾಕು, ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ದಾರಿಯುದ್ದಕ್ಕೂ ಇದೇ ನಡೆದರೆ ಒಂದು ಸುತ್ತು ಪೇಪರ್ ಎಷ್ಟೂಂತ ತಡೆಯುತ್ತದೆ?

ಹಾಗಾಗಿ ಮೊದಲು ತಳಕ್ಕೆ ಪೇಪರ್ ಉಂಡೆಗಳನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸಿ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಮಲಗಿಸಿದರೆ ಮೇಲಿನ ಎಲ್ಲದರ ಭಾರವೂ ಕೆಳಗಿನ ತಟ್ಟೆಯ ನಡುವೆ ಬೀಳುತ್ತದೆ. ಶೆಲ್ಫಿನಲ್ಲಿ ಪುಸ್ತಕ ಜೋಡಿಸುವ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಆಗ ಪ್ರತಿ ತಟ್ಟೆ ತನ್ನ ಭಾರವನ್ನಷ್ಟೇ ಹೊರುತ್ತದೆ. ಲೋಟಗಳಿಗೆ ಹೊರಗೆ ಸುತ್ತುವುದರ ಜೊತೆಗೆ ಒಳಗೂ ಪೇಪರ್ ತುಂಬಿ. ಜಾಗ ಉಳಿಯಲಿ ಅಂತ ಒಂದರೊಳಗೊಂದು ಸಿಕ್ಕಿಸಬೇಡಿ. ಕಪ್ಪಿನಲ್ಲಿ ಮೊದಲು ಮುರಿಯುವುದು ಹಿಡಿ, ಅದಕ್ಕೆ ಬೇರೆಯೇ ಒಂದು ಸುತ್ತು ಬೇಕು.

ಉಳಿದ ಸಂದುಗಳಿಗೆ ಟವೆಲ್, ಬೆಡ್‌ಶೀಟ್, ಹಳೇ ಬಟ್ಟೆ ತುರುಕಿ. ಅವನ್ನೂ ಹೇಗಿದ್ದರೂ ಸಾಗಿಸಲೇಬೇಕಲ್ವಾ? ನ್ಯೂಸ್‌ಪೇಪರ್ ಸುತ್ತಬಹುದು, ಆದರೆ ಅದರ ಮಸಿ ಬಿಳಿ ತಟ್ಟೆಗೆ ಅಂಟುತ್ತದೆ. ಆಮೇಲೆ ಎಲ್ಲವನ್ನೂ ತೊಳೆಯುವ ಕೆಲಸ ಬೇಡವೆಂದರೆ ಒಳಗಡೆ ಖಾಲಿ ಹಾಳೆ ಸುತ್ತಿ. ತುಂಬಿದ ಮೇಲೆ ಟೇಪ್ ಹಾಕುವ ಮೊದಲು ಬಾಕ್ಸನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಒಳಗೆ ಏನಾದರೂ ಸರಿದಾಡಿದ ಸದ್ದು ಬಂದರೆ ಇನ್ನೂ ತುರುಕಬೇಕು ಅಂತ ಅರ್ಥ.

ಇನ್ನು ಬಾಕ್ಸಿನ ವಿಷಯ. ದೊಡ್ಡ ಬಾಕ್ಸ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ ಅನ್ನಿಸುತ್ತದೆ. ಪುಸ್ತಕದ ಮಟ್ಟಿಗಂತೂ ಇದು ಪೂರ್ತಿ ಉಲ್ಟಾ. ಉದ್ದ, ಅಗಲ, ಎತ್ತರ ಮೂರೂ 30 ಸೆಂ.ಮೀ. ಇರುವ ಬಾಕ್ಸಿಗೆ ಪುಸ್ತಕ ಒತ್ತಾಗಿ ತುಂಬಿದರೆ ಹೆಚ್ಚುಕಡಿಮೆ 20 ಕೆ.ಜಿ. ಆಗುತ್ತದೆ. ಮೂರೂ 45 ಸೆಂ.ಮೀ. ಆದರೆ ಭಾರ ಮೂರು ಪಟ್ಟಿಗೂ ಜಾಸ್ತಿ. ಅದನ್ನು ಒಬ್ಬರೇ ಎತ್ತಲು ಹೋದರೆ ಬಾಕ್ಸಿನ ತಳ ಕೀಳಬಹುದು, ಇಲ್ಲವೇ ಸೊಂಟ ಹಿಡಿಯಬಹುದು. ಭಾರದ ವಸ್ತು ಚಿಕ್ಕ ಬಾಕ್ಸಿಗೆ, ದಿಂಬು ಹೊದಿಕೆ ದೊಡ್ಡದಕ್ಕೆ.

ತಳದ ಮಡಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಸುಮ್ನೆ ಬಿಟ್ಟುಬಿಡುವವರಿದ್ದಾರೆ. ಬಟ್ಟೆಗೆ ನಡೆದೀತು, ಪಾತ್ರೆಗೆ ಬೇಡ. ನಡುವಿನ ಸೀಳಿನ ಮೇಲೆ ಅಗಲದ ಟೇಪನ್ನು ಎರಡು ಸಲ ಎಳೆದು, ಎರಡೂ ತುದಿಗಳನ್ನು ಬದಿಗೆ ಕೆಲವು ಬೆರಳು ಮೇಲಕ್ಕೆ ಹತ್ತಿಸಿ. ಒಂದಿಷ್ಟು ಅಡ್ಡ ಪಟ್ಟಿಗಳನ್ನೂ ಹಾಕಿ.

ರಟ್ಟಿನ ಬಾಕ್ಸ್ ಮೇಲಿನ ಭಾರವನ್ನು ಹೊರುವುದು ಮುಖ್ಯವಾಗಿ ಮೂಲೆಗಳಲ್ಲಿ. ಅದಕ್ಕೇ ಮೂಲೆಯ ಮೇಲೆ ಮೂಲೆ ಕೂರುವಂತೆ ಪೇರಿಸಬೇಕು. ಅಡ್ಡಾದಿಡ್ಡಿ ಇಟ್ಟರೆ ಕೆಳಗಿನದು ಕುಸಿಯುತ್ತದೆ. ಅರ್ಧ ತುಂಬಿದ ಬಾಕ್ಸೂ ಅಷ್ಟೇ, ಒಳಗಿನಿಂದ ಆಸರೆ ಇಲ್ಲದೆ ಮೇಲ್ಭಾಗ ತಗ್ಗುತ್ತದೆ. ಒಮ್ಮೆ ನೆನೆದು ಒಣಗಿದ ಬಾಕ್ಸ್ ನೋಡಲು ಚೆನ್ನಾಗಿದ್ದರೂ ಮೊದಲಿನ ಗಟ್ಟಿತನ ಇರುವುದಿಲ್ಲ.

ನೀವು ‘ಜೋಪಾನ’ ಎಂದು ಬರೆದದ್ದು ಮುಚ್ಚಳದ ಮೇಲೇ ಇರಬೇಕು. ಮೇಲೆ ಇನ್ನೊಂದು ಬಾಕ್ಸ್ ಕೂತರೆ ಅದು ಯಾರಿಗೂ ಕಾಣುವುದಿಲ್ಲ! ಎರಡು ಬದಿಗಳಲ್ಲಿ ಬರೆಯಿರಿ, ಯಾವ ಕೋಣೆಗೆ ಹೋಗಬೇಕು ಎನ್ನುವುದನ್ನೂ ಸೇರಿಸಿ.

ಬೆಂಕಿಪೊಟ್ಟಣ, ಥಿನ್ನರ್, ಸ್ಪ್ರೇ ಡಬ್ಬಿಗಳನ್ನು ಬಾಕ್ಸಿಗೆ ಹಾಕಲೇಬೇಡಿ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಸೆಕೆ ವಿಪರೀತ. ಔಷಧಿ, ಪವರ್ ಬ್ಯಾಂಕ್, ಮುಖ್ಯ ಕಾಗದಪತ್ರಗಳು ನಿಮ್ಮ ಕೈಚೀಲದಲ್ಲೇ ಇರಲಿ.