ದೂರು ಕೇಳಿದ ಅಮ್ಮಂದಿರೇ ದಾರಿ ಮಾಡಿದರು

ಆಟಿಸಂ (ಮಾತು, ಬೇರೆಯವರೊಡನೆ ಬೆರೆಯುವುದು ಕಷ್ಟವಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ) ಇರುವ ಮಕ್ಕಳ ಕೇಂದ್ರಗಳಲ್ಲಿ, ಹೊಸದಾಗಿ ಬಂದ ತಂದೆ-ತಾಯಿಗೆ ಧೈರ್ಯ ಹೇಳುವವರು ಎಷ್ಟೋ ಸಲ ಇನ್ನೊಂದು ಮಗುವಿನ ಅಮ್ಮನೋ ಅಪ್ಪನೋ ಆಗಿರುತ್ತಾರೆ. ಇದು ಮೊನ್ನೆ ಮೊನ್ನೆ ಬಂದ ರೂಢಿಯಲ್ಲ. ಈ ಸೇವೆಗಳು ಶುರುವಾಗಿದ್ದೇ ಹೀಗೆ.

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಬರೆದಿದ್ದು 1943ರಲ್ಲಿ. ಆಮೇಲೆ ಬಂದದ್ದು ಹೆತ್ತವರಿಗೆ ಬಲು ಕೆಟ್ಟ ಕಾಲ. ತಾಯಿ ಸರಿಯಾಗಿ ಪ್ರೀತಿ ಕೊಡದೆ ಮಗು ಹೀಗಾಯಿತು ಎಂದು ಹೆಸರಾಂತ ತಜ್ಞರೇ ಹೇಳುತ್ತಿದ್ದರು. ಎಂಥ ಕ್ರೂರ ಮಾತು! ಮಗುವಿಗಾಗಿ ನಿದ್ದೆಗೆಟ್ಟವಳ ಮೇಲೇ ದೂರು. ಇದನ್ನು ಎದುರಿಸಿದವರಲ್ಲಿ ಮುಖ್ಯರಾದವರು ಬರ್ನಾರ್ಡ್ ರಿಮ್ಲ್ಯಾಂಡ್. ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಅವರ ಮಗನಿಗೂ ಆಟಿಸಂ ಇತ್ತು. ತೊಂದರೆ ಇರುವುದು ಸಾಕಿದ ರೀತಿಯಲ್ಲಲ್ಲ, ಮಿದುಳಿನಲ್ಲಿ ಎಂದು 1964ರಲ್ಲಿ ಪುಸ್ತಕ ಬರೆದೇ ವಾದಿಸಿದರು. ಮರುವರ್ಷ ಬೇರೆ ಪೋಷಕರ ಜೊತೆ ಸೇರಿ ಸಂಘ ಕಟ್ಟಿದರು. ಬ್ರಿಟನ್ನಿನ ಪೋಷಕರು 1962ರಲ್ಲೇ ಒಂದಾಗಿದ್ದರು. ಅವರಲ್ಲಿ ಒಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆಯೂ ಹೌದು, ಆಟಿಸಂ ಇದ್ದ ಮಗಳ ತಾಯಿಯೂ ಹೌದು.

ನಮ್ಮ ದೇಶದಲ್ಲೂ ಹೀಗೇ ಆಯಿತು. ಮಗನಿಗೆ ಸರಿಯಾದ ನೆರವು ಸಿಗದೆ ಒದ್ದಾಡಿದ ಮೆರಿ ಬರುವಾ 1991ರಲ್ಲಿ ದೆಹಲಿಯಲ್ಲಿ 'ಆಕ್ಷನ್ ಫಾರ್ ಆಟಿಸಂ' ಶುರು ಮಾಡಿದರು. 1994ರಲ್ಲಿ ಅದರ ಶಾಲೆ ಬಂತು. ಮಗನ ಮಟ್ಟಿಗೆ ದಾರಿ ಸಿಕ್ಕರೆ ಸಾಕು ಅಂತ ಅವರು ಸುಮ್ನೆ ಕೂರಲಿಲ್ಲ. ಟೀಚರ್‌ಗಳಿಗೆ ತರಬೇತಿ ಕೊಟ್ಟರು. ಪೋಷಕರು ಮಗುವಿನ ಜೊತೆಗೇ ಬಂದು ಕಲಿಯುವ ಏರ್ಪಾಡು ಮಾಡಿದರು. ನನ್ನ ಪ್ರಕಾರ ದೇಣಿಗೆಗಿಂತ ದೊಡ್ಡ ಕೊಡುಗೆ ಇದೇ. ಕಲಿತ ಅಮ್ಮ ಊರಿಗೆ ಮರಳಿ, ಅದೇ ಗೊಂದಲದಲ್ಲಿರುವ ಇನ್ನೊಬ್ಬ ಅಮ್ಮನಿಗೆ ಹೇಳಿಕೊಡಬಹುದು, ಅಲ್ವಾ?

ಕಾನೂನಿನ ವಿಷಯ ಬೇರೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. "ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳೋರು ಯಾರು?" ಎಂಬುದು ಇಂಥ ಪ್ರತಿ ಮನೆಯ ಪ್ರಶ್ನೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದಕ್ಕೆ ಕಿವಿಗೊಟ್ಟಿತು. ಮಗನಿಗೋ ಮಗಳಿಗೋ 18 ತುಂಬಿದ ಮೇಲೂ ಪೋಷಕರು ಕಾನೂನುಬದ್ಧ ಗಾರ್ಡಿಯನ್ ಆಗಲು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಜಿಲ್ಲಾಧಿಕಾರಿಯ ಜೊತೆ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೂ, ಅಂಗವೈಕಲ್ಯ ಇರುವ ಒಬ್ಬರೂ ಅದರಲ್ಲಿ ಇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿತು.

ಈಗ ಬೆಂಗಳೂರಿನಂಥ ನಗರಗಳಲ್ಲಿ ಮಕ್ಕಳಿಗೆ ಥೆರಪಿ ಕೇಂದ್ರಗಳಿವೆ. ಆದರೆ ಆ ಮಕ್ಕಳು ದೊಡ್ಡವರಾದಾಗ ಇರಲು ಭರವಸೆಯ ಮನೆಗಳು ತೀರಾ ಕಡಿಮೆ. ಈ ಕೆಲಸಕ್ಕೂ ಮೊದಲು ಕೈಹಾಕುತ್ತಿರುವವರು ವಯಸ್ಸಾಗುತ್ತಿರುವ ಪೋಷಕರೇ. ಸರ್ಕಾರ ಅವರ ಜೊತೆ ಜಾಗ ಮತ್ತು ದುಡ್ಡು ಎರಡನ್ನೂ ಹಾಕಬೇಕು.