ರೋಬೋಟ್‌ಗೆ ಒದ್ದರೆ ತಪ್ಪೇನು? ನೀತಿಶಾಸ್ತ್ರದ ಟಿಪ್ಪಣಿ

ಶಿರಸಿಯಲ್ಲಿ ನೀತಿಶಾಸ್ತ್ರದ ಪೇಪರ್‌ಗೆ ಓದುತ್ತಿರುವ ನಮ್ಮ ಗುಂಪಿಗೆ ಬರೆದದ್ದು. ಪೀಠಿಕೆ ಬಿಟ್ಟಿದ್ದೇನೆ.

ತಡವರಿಸುವ ಜಾಗ ಒಂದೇ. ರೋಬೋಟ್‌ಗೆ ನೋವೇ ಇಲ್ಲ, ಹಾಗಿದ್ದ ಮೇಲೆ ಒದ್ದರೆ ತಪ್ಪು ಹೇಗೆ? ಇಲ್ಲಿ ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಬೇಕು. ಅವನು ಹೇಳಿದ್ದು ನಾಯಿಯ ಬಗ್ಗೆ. ದುಡಿದು ಮುದಿಯಾದ ನಾಯಿಯನ್ನು ಕೆಲಸಕ್ಕೆ ಬರಲ್ಲ ಅಂತ ಗುಂಡಿಟ್ಟು ಕೊಂದರೆ, ನಾಯಿಗೆ ಸಲ್ಲಬೇಕಾದ ಕರ್ತವ್ಯವೇನೂ ತಪ್ಪಿಲ್ಲ. ಕೊಂದವನ ಮನುಷ್ಯತ್ವ ಕೆಡುತ್ತದೆ, ಅಂಥವನು ಮನುಷ್ಯರ ಜೊತೆಗೂ ಒರಟಾಗುತ್ತಾನೆ. ಅಂದರೆ ಕರ್ತವ್ಯ ನಾಯಿಯ ವಿಷಯದಲ್ಲಿ, ಸಲ್ಲುವುದು ಮಾತ್ರ ಮನುಷ್ಯರಿಗೆ. ನಾಯಿಗಾದರೆ ನೋವಾಗುತ್ತದಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಈ ವಾದ ನೋವಿನ ಮೇಲೆ ನಿಂತೇ ಇಲ್ಲ. ಅದಕ್ಕೇ ನಾಯಿಯನ್ನು ತೆಗೆದು ರೋಬೋಟ್ ಇಟ್ಟರೂ ಬೀಳುವುದಿಲ್ಲ. ಹಾಗೆ ಇಟ್ಟು ನೋಡಿದವರು ರೋಬೋಟ್ ನೀತಿಯ ಸಂಶೋಧಕಿ ಕೇಟ್ ಡಾರ್ಲಿಂಗ್.

ನಮ್ಮ ಕಡೆಯವರಿಗೆ ಕೂಡಲೇ ಒಂದು ತಕರಾರು ಹೊಳೆಯಬೇಕು. ಯಕ್ಷಗಾನದಲ್ಲಿ ರಾತ್ರಿ ರಕ್ಕಸನನ್ನು ಕೊಂದ ವೇಷಧಾರಿ ಬೆಳಿಗ್ಗೆ ಕ್ರೂರಿಯಾಗಿರುತ್ತಾನಾ? ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದರೆ ಕೊಂದವನೂ ಸತ್ತವನೂ ಪಕ್ಕಪಕ್ಕ ಕೂತು ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸುತ್ತಾರೆ. ಆಟ ಅಂತ ಇಬ್ಬರಿಗೂ ಗೊತ್ತು. ಹಾಗಾದರೆ ಗೊತ್ತಿದ್ದರೆ ಸಾಕಾ?

ಸಾಕಾಗಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ತಾವು ಕಟ್ಟಿದ ಎಲಿಜಾ ಎಂಬ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಪ್ರಕಟಿಸಿದರು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ನಾಲ್ಕು ಮಾತಾಡಿದ್ದೇ ತಡ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ಅವರನ್ನೇ ಕೇಳಿದರು. ಗೊತ್ತಿದ್ದೂ ಮನಸ್ಸು ಅಂಟಿತು. ಯಕ್ಷಗಾನಕ್ಕೆ ಕೊನೆಯಲ್ಲಿ ಆಟ ಮುಗಿಯಿತು ಅನ್ನುವ ಮಂಗಳ ಪದ್ಯ ಇದೆ, ಯಂತ್ರದೊಡನೆ ಆಡುವ ಮಾತಿಗೆ ಅದಿಲ್ಲ. ತಕರಾರಿಗೆ ನನ್ನ ಉತ್ತರ ಇದು.

ಪಾರೋ ಬಗ್ಗೆ ಪ್ರಶ್ನೆ ಬರಬಹುದು. ಜಪಾನಿನ ಟಕನೋರಿ ಶಿಬಾಟಾ ಮಾಡಿದ, ಸೀಲ್ ಎಂಬ ಕಡಲ ಪ್ರಾಣಿಯ ಮರಿಯಂತಿರುವ ರೋಬೋಟ್ ಅದು, ಮರೆವಿನ ಕಾಯಿಲೆಯ ಹಿರಿಯರಿಗೆ ಕೊಡುತ್ತಾರೆ. ಮೈ ಸವರಿದರೆ ತಲೆಯೆತ್ತಿ ಕೂಗುತ್ತದೆ. ಇದು ಮೋಸ ಅಲ್ವಾ ಅನ್ನುವುದು ಮಾಮೂಲಿ ಆಕ್ಷೇಪ. ಮನುಷ್ಯರು ಯಂತ್ರಗಳ ಜೊತೆ ಹೇಗಿರುತ್ತಾರೆ ಅಂತ ಅಧ್ಯಯನ ಮಾಡಿದ ಶೆರಿ ಟರ್ಕಲ್ ಅವರ ಆಕ್ಷೇಪ ಬೇರೆ, ನನಗೆ ಅದೇ ಗಟ್ಟಿ ಅನಿಸುತ್ತದೆ. ನಮ್ಮ ಸೀಮೆಯ ತೋಟದ ಮನೆಗಳನ್ನೇ ನೋಡಿ, ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಅಜ್ಜಿ ಒಬ್ಬರೇ. ಗಂಡ ಹೋದ ದುಃಖವನ್ನು ಅಜ್ಜಿ ಸೀಲ್ ಮರಿಗೆ ಹೇಳಿಕೊಂಡರೆ, ಕೂತು ಕೇಳಬೇಕಾಗಿದ್ದವರಿಗೆ ಸುಮ್ನೆ ರಜೆ ಸಿಕ್ಕಿತು. ಉತ್ತರದಲ್ಲಿ ಮೋಸದ ಮಾತಿಗಿಂತ ಇದಕ್ಕೇ ಜಾಸ್ತಿ ಜಾಗ ಕೊಡಿ.

2017ರಲ್ಲಿ ಸೌದಿ ಅರೇಬಿಯಾ ಸೋಫಿಯಾ ಎಂಬ ಮನುಷ್ಯರೂಪದ ರೋಬೋಟ್‌ಗೆ ಪೌರತ್ವ ಘೋಷಿಸಿದ್ದು ಪ್ರಚಾರದ ಕೆಲಸ. ಉತ್ತರದಲ್ಲಿ ಅದಕ್ಕೆ ಒಂದು ಸಾಲು ಸಾಕು.